ಗುಬ್ಬಿಯ ಎಂಟು ಹಾಡು

ಮಾರ್ಚ್ 3, ಮಂಗಳವಾರ

ಮೂರನೇ ಕಪಾಟು ಮುಗಿಯಿತು. ಧೂಳು, ಸೀನು, ಮತ್ತೆ ಧೂಳು. ಈ ರೇಡಿಯೋ ಸ್ಟೇಷನ್ನಿನ ಹಾಡುಗಳನ್ನು ಇಪ್ಪತ್ತೆರಡು ವರ್ಷದಿಂದ ಕಾಯುತ್ತಿದ್ದೇನೆ. ಸ್ವಂತ ಸಂಪಾದನೆ ಅಂದರೆ ಈ ಕೆಮ್ಮು.

ಹನ್ನೊಂದಕ್ಕೆ ನಿರೂಪಕಿ ಬಂದಳು. ಹದಿನೈದನೇ ತಾರೀಕಿನ ಭಾನುವಾರದ ಕಾರ್ಯಕ್ರಮದ ಶೀಟು ತಂದಿದ್ದಳು. ಅತಿಥಿಯಾಗಿ ಬಂದವರು ಚಿಕ್ಕಂದಿನಿಂದ ಇವತ್ತಿನವರೆಗೆ ತಮ್ಮನ್ನು ಬೆಳೆಸಿದ ಎಂಟು ಹಾಡು ಆರಿಸಬೇಕು, ನಡುನಡುವೆ ಮಾತಾಡಬೇಕು. ಆ ಎಂಟನ್ನು ಹುಡುಕಿ ಕೊಡುವುದು ನನ್ನ ಕೆಲಸ.

"ಈ ಸಲ ಯಾರು ಹೇಳಿ ನೋಡೋಣ" ಅಂದಳು, ಸಿಹಿ ಹಂಚಲು ಬಂದವಳ ಹಾಗೆ.

ಗುಬ್ಬಿ. ನನ್ನ ತಂಗಿ. ಲೋಕಕ್ಕೆ ದೊಡ್ಡ ಗಾಯಕಿ, ಪೋಸ್ಟರಿನಲ್ಲಿ ಅರ್ಧ ಮುಖ ನೆರಳು, ಅರ್ಧ ಬೆಳಕು. ನನಗೋ, ನಾನು ಮೂಗು ಒರೆಸಿದ ಗುಬ್ಬಿ.

ಪಟ್ಟಿ ಓದಿದೆ. ಇನ್ನೊಂದು ಸಲ ಓದಿದೆ. ಎಂಟರಲ್ಲಿ ಏಳು ನನ್ನವು.

ಮಾರ್ಚ್ 5, ಗುರುವಾರ

ಹೊಟ್ಟೆ ಉರಿ ಅಂದರೆ ಮಾತಿಗೆ ಹೇಳುವುದು ಅಂದುಕೊಂಡಿದ್ದೆ. ಎರಡು ದಿನದಿಂದ ನಿಜವಾಗಿಯೇ ಉರಿಯುತ್ತಿದೆ. ಬರೆದು ಹಾಕುತ್ತೇನೆ, ಇಲ್ಲಿ ಯಾರು ಓದುತ್ತಾರೆ.

ಒಂದನೆಯದು, ಆ ದೋಣಿಯವನ ಹಾಡು. ನನಗೆ ಹನ್ನೊಂದು, ಅವಳಿಗೆ ಏಳು. ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕಾಯುವುದು. ಗುಬ್ಬಿ ಕೆಮ್ಮಬಾರದು, ಪಕ್ಕದ ಮನೆಯ ನಾಯಿ ಬೊಗಳಬಾರದು. ಹಾಡು ಬಂದಾಗ ನಾನು ಅಡುಗೆಮನೆಯಲ್ಲಿದ್ದೆ, ಓಡಿ ಬಂದು ಗುಂಡಿ ಒತ್ತುವಷ್ಟರಲ್ಲಿ ಮೊದಲ ಸಾಲು ಹೋಗಿತ್ತು. ನಮ್ಮ ಟೇಪಿನಲ್ಲಿ ಆ ಹಾಡು ಶುರುವಾಗುವುದೇ ಎರಡನೇ ಸಾಲಿನಿಂದ. ಹಾಗೇ ಕಲಿತೆವು. ಮೊದಲ ಸಾಲು ಅಂತೊಂದು ಇದೆ ಎಂದು ಗೊತ್ತಾಗಿದ್ದು ನಾನು ಈ ಕೆಲಸಕ್ಕೆ ಸೇರಿದ ಮೇಲೆ. ಗುಬ್ಬಿ ಈಗಲೂ ವೇದಿಕೆಯಲ್ಲಿ ಎರಡನೇ ಸಾಲಿನಿಂದಲೇ ಎತ್ತುತ್ತಾಳೆ. ಪೇಪರಿನವನೊಬ್ಬ ಬರೆದಿದ್ದ – ಪೀಠಿಕೆಯಿಲ್ಲದೆ ನೇರ ನೋವಿಗೆ ಇಳಿಯುವ ಧೈರ್ಯ ಎಂದು. ಧೈರ್ಯವಂತೆ. ನಾನು ಪಾತ್ರೆ ತೊಳೆಯುತ್ತಿದ್ದೆ ಅಷ್ಟೆ.

ಎರಡನೆಯದು ಹಾಡಿನ ಟೀಚರು ಕಲಿಸಿದ್ದು. ಮೊದಲು ಪಾಠಕ್ಕೆ ಹೋದವಳು ನಾನು. ಗುಬ್ಬಿ ನನ್ನ ಬಾಲ ಹಿಡಿದು ಬಂದಳು. ಒಂದು ವರ್ಷ ಆದ ಮೇಲೆ ಟೀಚರು ನಮ್ಮಿಬ್ಬರ ಎದುರಿಗೇ ಅಮ್ಮನಿಗೆ ಹೇಳಿದರು: "ದೊಡ್ಡವಳಿಗೆ ಕಿವಿ ಇದೆ. ಗಂಟಲು ಇರೋದು ಚಿಕ್ಕವಳಿಗೆ." ಚಪ್ಪಲಿಗೆ ಕಾಲು ತೂರಿಸುತ್ತಿದ್ದೆ. ಯಾವ ಕಾಲಿಗೆ ಯಾವುದು ಅಂತ ತಿಳಿಯಲಿಲ್ಲ.

ಮೂರನೆಯದು ಗಿಟಾರು, ಕಿರುಚಾಟ. ಹದಿನೇಳರಲ್ಲಿ, ಮೇಲಿನ ಮನೆಯವರ ಮಗ ಕೊಟ್ಟ ಕ್ಯಾಸೆಟ್. ಮೊದಲು ಹಾಡು ಹಿಡಿಸಲಿಲ್ಲ, ಅವನು ಹಿಡಿಸಿದ್ದ. ಅವರು ಮನೆ ಖಾಲಿ ಮಾಡಿದ ಮೇಲೆ ಹಾಡು ಹಿಡಿಸಿತು. ಆಗ "ಅಕ್ಕ, ಈ ಗಲಾಟೆ ನಿಲ್ಸು" ಅಂತಿದ್ದವಳು ಈಗ ಪಟ್ಟಿಯಲ್ಲಿ ಬರೆದಿದ್ದಾಳೆ, "ನನ್ನ ಬಂಡಾಯದ ದಿನಗಳು." ಇವಳ ಬಂಡಾಯ! ಹಾಲಿನ ಕೆನೆ ತೆಗೆಯದಿದ್ದರೆ ಅಳುತ್ತಿದ್ದವಳು.

ನಾಲ್ಕು – ಇದನ್ನು ಬರೆಯಲೂ ಕೈ ಬರುತ್ತಿಲ್ಲ. ಇಪ್ಪತ್ತಾರು ನನಗೆ. ಗೊತ್ತಾಗಿದ್ದ ಮದುವೆ ಮುರಿದು, ಬಾಗಿಲು ಹಾಕಿಕೊಂಡು ಒಂದೇ ಹಾಡನ್ನು ನಾಲ್ಕು ತಿಂಗಳು ಕೇಳಿದ್ದೆ. ಅವಳ ಟಿಪ್ಪಣಿ, "ವಿರಹ ಅಂದರೇನು ಎಂದು ಕಲಿಸಿದ ಹಾಡು." ಯಾರ ವಿರಹ? ಮುರಿದದ್ದು ನನ್ನ ಮದುವೆ. ಕಲಿತವಳು ಅವಳು.

ಐದು, ಆರು, ಏಳು. ಮೂವತ್ತೈದರ ಮೇಲೆ ನನಗೆ ಹಾಡಿನಲ್ಲಿ ಮಾತೇ ಬೇಡವಾಯಿತು. ಬರೀ ಪಿಟೀಲು, ಬರೀ ಕೊಳಲು. ಅವಳ ಹುಟ್ಟುಹಬ್ಬಕ್ಕೆ ನಾನೇ ಸಿ.ಡಿ. ಮಾಡಿ ಕೊಟ್ಟಿದ್ದೆ. ಎಂಟನೆಯದು ಅವಳದೇ ದನಿ, ಹೊಸ ಆಲ್ಬಮ್ಮಿನದು.

ಈಗೀಗ ನನಗೆ ಹಾಡಿಗಿಂತಲೂ, ಹಾಡು ಶುರುವಾಗುವ ಮೊದಲು ಶ್ರುತಿ ಮಾಡಿಕೊಳ್ಳುತ್ತಾರಲ್ಲ, ಆ ಎರಡು ನಿಮಿಷ ಇಷ್ಟ. ಗುಬ್ಬಿಗೆ ಹೇಳಿಲ್ಲ. ಹೇಳಿದರೆ ಅದು ಒಂಬತ್ತನೆಯದಾಗುತ್ತದೆ.

ಮಾರ್ಚ್ 6, ಶುಕ್ರವಾರ

ಇವತ್ತಿನ ಪೇಪರಿನಲ್ಲಿ ಅವಳ ಸಂದರ್ಶನ. ದಪ್ಪಕ್ಷರದಲ್ಲಿ: "ನನ್ನ ಅಭಿರುಚಿಯನ್ನು ನಾನೇ ಹುಡುಕಿಕೊಂಡೆ."

ಅಮ್ಮ ಕತ್ತರಿ ಹಿಡಿದು ಕೂತಿದ್ದಳು. "ಗುಬ್ಬಿ ಫೋಟೋ ಎಷ್ಟು ಚೆನ್ನಾಗಿ ಬಂದಿದೆ ನೋಡೇ."

"ಕಣ್ಣು ಮುಚ್ಚಿದಾಳೆ."

"ಹಾಡ್ತಿರೋಳು ಕಣ್ಣು ಬಿಡ್ತಾಳಾ? ನಿಂಗೆ ಎಲ್ಲದರಲ್ಲೂ ಕೊಂಕು."

ಕೊಂಕೇ ಸರಿ. ನನಗೆ ಬೇಕಾಗಿರುವುದು ಹಾರ ಅಲ್ಲ, ಪೋಸ್ಟರೂ ಅಲ್ಲ. ಭಾನುವಾರ ಅಷ್ಟು ಜನ ಕೇಳುವಾಗ ಎರಡೇ ಎರಡು ಮಾತು – "ಅಕ್ಕ ಕೇಳಿಸಿದಳು." ಅಷ್ಟು ಹೇಳಿದರೆ ಏಳು ಹಾಡೂ ಅವಳಿಗೇ ಇರಲಿ. ನಾನಾಗಿ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿ ಪಡೆದರೆ ಏನು ಬಂತು.

ಮಾರ್ಚ್ 9, ಸೋಮವಾರ

ರೆಕಾರ್ಡಿಂಗ್ ದಿನ. ಬಂದವಳು ಮೊದಲು ನನ್ನ ರೂಮಿಗೇ ಬಂದಳು. ತೆಳ್ಳಗಾಗಿದ್ದಾಳೆ. ಕಪಾಟುಗಳ ಮೇಲೆ ಬೆರಳಾಡಿಸಿದಳು.

"ಅಕ್ಕ, ಲಿಸ್ಟ್ ನೋಡಿದ್ಯಾ?"

"ನೋಡ್ದೆ."

"ಏನೂ ಹೇಳಲ್ವಾ?"

"ಎಲ್ಲಾ ಸಿಕ್ತು. ಐದನೇದು ಸ್ವಲ್ಪ ಕರಕರ ಅನ್ನುತ್ತೆ."

ನನ್ನ ಮುಖವನ್ನೇ ನೋಡಿದಳು. "ಬಾ, ಸ್ಟುಡಿಯೋದಲ್ಲಿ ಎದುರಿಗೆ ಕೂತ್ಕೊ. ನೀನಿದ್ರೆ ನಂಗೆ ಧೈರ್ಯ."

"ಕೆಲಸ ಇದೆ ಗುಬ್ಬಿ."

ಕೆಲಸ ಇರಲಿಲ್ಲ. ಆಚೆ ಕೋಣೆಯಲ್ಲಿ ಕೂತು ನನ್ನ ಹದಿನೇಳು, ನನ್ನ ಇಪ್ಪತ್ತಾರು ಅವಳ ಬಾಯಲ್ಲಿ ಕೇಳುವ ಶಕ್ತಿ ಇರಲಿಲ್ಲ. ಒಂದೂವರೆ ಗಂಟೆ ಹಳೇ ಲೇಬಲ್ ಕಿತ್ತು ಹೊಸದು ಅಂಟಿಸಿದೆ. ಹೋಗುವಾಗ ಇಣುಕಿ, "ಭಾನುವಾರ ತಪ್ಪದೆ ಕೇಳು, ಆಯ್ತಾ?" ಅಂದಳು. ಕಣ್ಣು ಕೆಂಪಾಗಿತ್ತು. ಮೇಕಪ್ಪು ಸಾಲದೇನೋ ಅಂದುಕೊಂಡೆ. ಎಂಥ ಕೆಟ್ಟ ಮನಸ್ಸು ನನ್ನದು.

ಮಾರ್ಚ್ 11, ಬುಧವಾರ

ನಿರೂಪಕಿ ಬಂದಳು. ತಲೆ ಕೆಡಿಸಿಕೊಂಡಿದ್ದಳು. ಮಾತು ಉದ್ದವಾಗಿದೆ, ಹದಿನೇಳು ನಿಮಿಷ ಕತ್ತರಿಸಬೇಕು.

"ನೀವೇ ಒಂದ್ಸಲ ಕೇಳಿ ಹೇಳಿ ಮೇಡಂ. ನಿಮ್ಮ ತಂಗಿ."

"ನಾನು ಕೇಳಲ್ಲ. ಶೀಟ್ ಕೊಡಿ."

ಶೀಟಿನಲ್ಲಿ ನಿಮಿಷದ ಲೆಕ್ಕ. ಮೊದಲ ಸಾಲೇ, "ಬಾಲ್ಯ, ಮನೆ, ಮೊದಲೆರಡು ಹಾಡು – 17 ನಿಮಿಷ." ಅಳತೆ ಮಾಡಿ ಹೊಲಿದ ಹಾಗೆ ಕೂತಿತ್ತು.

"ಇದನ್ನ ತೆಗೀರಿ" ಅಂದೆ.

"ಅದು... ಅದರಲ್ಲಿ ನಿಮ್ಮ ಮನೆ ವಿಷಯ –"

"ಮನೆ ವಿಷಯ ಯಾರಿಗೆ ಬೇಕು? ಜನ ಕೇಳೋದು ಸಂಗೀತಕ್ಕೆ. ತೆಗೀರಿ."

"ಖಂಡಿತ?"

"ಖಂಡಿತ."

ನನ್ನನ್ನೇ ನೋಡುತ್ತ ನಿಂತಳು. "ನಿಮ್ಮದು ದೊಡ್ಡ ಮನಸ್ಸು ಮೇಡಂ" ಅಂದಳು. ವ್ಯಂಗ್ಯವೋ ಏನೋ. ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ದೋಣಿಯವನನ್ನು, ನನ್ನ ಟೀಚರನ್ನು ಅವಳ ಬಾಯಿಂದ ಕಿತ್ತುಕೊಂಡ ಹಾಗಿತ್ತು. ಸಂಜೆ ಊಟ ರುಚಿಸಿತು. ಎರಡನೇ ಸಲ ಹಾಕಿಸಿಕೊಂಡೆ.

ಮಾರ್ಚ್ 13, ಶುಕ್ರವಾರ

ಶುಕ್ರವಾರ ಕಂಪ್ಯೂಟರ್ ಸ್ವಚ್ಛ ಮಾಡುವ ದಿನ. ಎಡಿಟ್ ಆಗಿ ಒಪ್ಪಿಗೆ ಬಿದ್ದದ್ದು ಉಳಿಯುತ್ತದೆ, ಅದರ ಪೂರ್ತಿ ರೆಕಾರ್ಡಿಂಗ್ ಅಳಿಸಬೇಕು. ಜಾಗ ಸಾಲದು. ನಾನೇ ಅಳಿಸುವುದು, ನನ್ನದೇ ಪಾಸ್‌ವರ್ಡು.

ಆರು ಫೈಲು. ನಾಲ್ಕನೆಯದು ಗುಬ್ಬಿಯದು. ಒಂದು ಕ್ಷಣ ಹೆಡ್‌ಫೋನ್ ಕೈಗೆ ಬಂತು. ಇಟ್ಟುಬಿಟ್ಟೆ. ಅಳಿಸಲೇ ಅಂತ ಯಂತ್ರ ಕೇಳಿತು, ಹೂಂ ಒತ್ತಿದೆ.

ಮಾರ್ಚ್ 15, ಭಾನುವಾರ

ಹತ್ತು ಗಂಟೆಗೆ ಅಮ್ಮ ರೇಡಿಯೋ ಪಕ್ಕ ಕುರ್ಚಿ ಎಳೆದುಕೊಂಡಳು. ಕಿವಿ ಮಂದ, ವಾಲ್ಯೂಮ್ ಪೂರ್ತಿ.

ಗಿಟಾರಿನಿಂದ ಶುರುವಾಯಿತು. ಗುಬ್ಬಿ ಚೆನ್ನಾಗಿ ಮಾತಾಡಿದಳು. ನಗಿಸಿದಳು ಕೂಡ. ಬಾಲ್ಯ ತೆಗೆಸಿದವಳು ನಾನೇ, ನಿಜ. ಆದರೂ ಕಾಯುತ್ತಿದ್ದೆ. ಉಳಿದದ್ದರಲ್ಲಿ ಎಲ್ಲಾದರೂ, ವಿರಹದ ಹತ್ತಿರವಾದರೂ, ಸಿ.ಡಿ. ಹತ್ತಿರವಾದರೂ... "ಆಗಲೇ ಹೇಳಿದೆನಲ್ಲ" ಅಂತ ಎರಡು ಸಲ ಅಂದಳು, ಮುಂದೆ ಹೋದಳು. ಅಕ್ಕ ಅನ್ನುವ ಶಬ್ದವೇ ಇಲ್ಲ.

ನೋಡಿದೆಯಾ, ಅಂದುಕೊಂಡದ್ದೇ ಆಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಸಮಾಧಾನ ಆಗಬೇಕಿತ್ತು.

ಅಮ್ಮ ರೇಡಿಯೋ ಆರಿಸಿದಳು. ಆಮೇಲೆ, "ಅಲ್ಲ, ನಿನ್ನ ಸುದ್ದೀನೇ ಎತ್ತಲಿಲ್ವಲ್ಲೇ ಇವಳು! ಟೇಪು ಹಿಡ್ಕೊಂಡು ಕೂರ್ತಿದ್ದೋಳು ನೀನು. ಬರಲಿ, ಕೇಳ್ತೀನಿ."

ನಲವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅಮ್ಮ ನನ್ನ ಪರ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಮಾರ್ಚ್ 16, ಸೋಮವಾರ, ಮಧ್ಯಾಹ್ನ

ಅಕ್ಷರ ನೆಟ್ಟಗಿಲ್ಲ.

ಕಾಫಿ ಹೊತ್ತಿನಲ್ಲಿ ರೆಕಾರ್ಡಿಂಗ್ ಇಂಜಿನಿಯರ್ ಸಿಕ್ಕರು. ರಿಟೈರಾಗಲು ಎರಡು ವರ್ಷ ಇರುವವರು, ಮಾತು ಕಮ್ಮಿ. "ನಿಮ್ಮಂಥ ಸಂಕೋಚದವರನ್ನ ನಾನು ನೋಡಿಲ್ಲ ಬಿಡಿ. ಬೇರೆಯವರಾಗಿದ್ರೆ ಆ ಹದಿನೇಳು ನಿಮಿಷ ಫ್ರೇಮ್ ಹಾಕಿಸಿ ಇಡ್ತಿದ್ರು. ನೀವೇ ತೆಗೆಸಿದ್ರಂತೆ."

"ಯಾವ ಹದಿನೇಳು ನಿಮಿಷ?"

"ನಿಮ್ಮ ಬಗ್ಗೆ ಹೇಳಿದ್ದು. ಅಕ್ಕ, ಅಕ್ಕ, ಅಕ್ಕ. ಪೂರ್ತಿ ನಿಮ್ಮದೇ. ನಡುವೆ ಅತ್ತುಬಿಟ್ರು ಅವರು, ಎರಡು ಸಲ ನಿಲ್ಲಿಸಿ ನೀರು ಕೊಟ್ವಿ. ಪೇಪರಿನವರು ತಪ್ಪು ಬರೆದ್ರು, ಅದನ್ನ ಸರಿ ಮಾಡಬೇಕು ಅಂತ ಶುರು ಮಾಡಿದ್ರು."

"ಏನು ಹೇಳಿದ್ಲು?"

ಅವರು ಲೋಟ ತಿರುಗಿಸಿದರು. "ನಾನು ಸೌಂಡ್ ಮೀಟರ್ ನೋಡ್ತಿದ್ದೆ ಮೇಡಂ. ಮಾತು ನೆನಪಿಲ್ಲ. ಚೆನ್ನಾಗಿತ್ತು."

ನಿರೂಪಕಿ ರಜೆಯ ಮೇಲೆ. ಫೋನು ಮಾಡಿದೆ. "ಅಯ್ಯೋ ಮೇಡಂ, ನಿಮಗೆ ಗೊತ್ತೇ ಇರಲಿಲ್ವಾ?" ಅಂತಷ್ಟೇ ಮತ್ತೆ ಮತ್ತೆ ಅಂದಳು. ಅವಳಿಗೂ ಅಲ್ಲೊಂದು ಇಲ್ಲೊಂದು ತುಣುಕು ನೆನಪು. ಬಾಗಿಲಾಚೆ ಕೂತು ಏನೋ ಕೇಳಿಸಿಕೊಳ್ಳುತ್ತಿದ್ದರಂತೆ, ನಾಲ್ಕು ತಿಂಗಳು, ಅಂದಳು. ನಾನು ಬಾಗಿಲು ಹಾಕಿಕೊಂಡಿದ್ದೆ. ಆಚೆ ಗುಬ್ಬಿ ಇದ್ದದ್ದು ನನಗೆ ಹೇಗೆ ಗೊತ್ತಾಗಬೇಕು.

ಕಂಪ್ಯೂಟರಿನ ಮೂಲೆ ಮೂಲೆ ಹುಡುಕಿದೆ. ನನ್ನ ಕೆಲಸ ನಾನು ಯಾವತ್ತೂ ಅರ್ಧ ಮಾಡಿದವಳಲ್ಲ. ಒಂದು ಚೂರೂ ಉಳಿದಿಲ್ಲ.

ಮಾರ್ಚ್ 18, ಬುಧವಾರ, ಸಂಜೆ 6

ಆಫೀಸಿಗೆ ಹೋಗಲಿಲ್ಲ.

ಐದೂವರೆಗೆ ಗುಬ್ಬಿಯ ಫೋನು. ಭಾನುವಾರ ವಿಮಾನದಲ್ಲಿದ್ದಳಂತೆ, ಕಾರ್ಯಕ್ರಮ ಕೇಳಿಲ್ಲ. ಚಿಕ್ಕ ಹುಡುಗಿಯ ದನಿಯಲ್ಲಿ ಕೇಳಿದಳು, "ಅಕ್ಕ, ಕೇಳಿದ್ಯಾ?"

"ಕೇಳಿದೆ."

"ಮೊದಲನೇ ಭಾಗ?"

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನಿನ್ನೆದುರು ಹೇಳೋಕೆ ಯಾವತ್ತೂ ಬಾಯಿ ಬರಲ್ಲ ನಂಗೆ. ಅದಕ್ಕೇ ರೇಡಿಯೋದಲ್ಲಿ ಹೇಳ್ದೆ. ಇನ್ನೊಂದ್ಸಲ ಹೇಳು ಅಂದ್ರೆ ಆಗಲ್ಲ ಅಕ್ಕ, ಅದು ಒಂದೇ ಸಲ ಬಂದಿದ್ದು. ಒಂದು ಕಾಪಿ ತೆಗೆದಿಡು, ನನಗೂ ಬೇಕು. ಏನನ್ನಿಸ್ತು ನಿಂಗೆ?"

ಒಲೆ ಮೇಲೆ ಹಾಲಿದೆ, ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಇವತ್ತೇ ಹೇಳಿಬಿಡಬೇಕು. ಹೊಟ್ಟೆಕಿಚ್ಚಿಗೆ ತೆಗೆಸಿದೆ, ನಾನೇ ಅಳಿಸಿದೆ, ಒಂದಕ್ಷರವೂ ಕೇಳಿಲ್ಲ ಅಂತ. ಮೊದಲು ಇಲ್ಲಿ ಬರೆದುಕೊಂಡರೆ ಬಾಯಿಗೆ ಬಂದೀತು ಅಂತ ಕೂತಿದ್ದೇನೆ. ಗುಬ್ಬಿ, ನಾನು ನಿನ್ನ ಮೇಲೆ

ಮತ್ತೆ ರಿಂಗಾಗುತ್ತಿದೆ. ಫೋನು ನಡುಮನೆಯಲ್ಲೇ ಬಿಟ್ಟು ಬಂದೆ. ಅಮ್ಮ ಎತ್ತಿದಳು. ಇಲ್ಲಿಗೆ ಕೇಳಿಸುತ್ತಿದೆ, ಕಿವಿ ಮಂದದವರ ದೊಡ್ಡ ದನಿ – "ಅಲ್ಲ ಕಣೇ ಗುಬ್ಬಿ, ಅಷ್ಟು ಹೊತ್ತು ಮಾತಾಡಿದ್ಯಲ್ಲ, ನಿಮ್ಮಕ್ಕನ ಹೆಸರು ಒಂದೇ ಒಂದು ಸಲ –