ಸೋಲುವ ತಂಡದ ಗೋಲ್‌ಕೀಪರ್

ಮನೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಎಡಗೈ ಮೇಲಿನ ಸುಟ್ಟ ಗಾಯ ಮಾಗಿತೇ? ಹೋದ ಸಲ ಫೋನಿನಲ್ಲಿ ಕೇಳಿದರೆ "ಏನಿಲ್ಲ, ಏನಿಲ್ಲ" ಎಂದಿರಿ. ನೀವು ಎರಡು ಸಲ ಏನಿಲ್ಲ ಎಂದರೆ ಏನೋ ಇದೆ ಎಂದೇ ಅರ್ಥ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅಷ್ಟೂ ತಿಳಿಯದೇ ಹೋಗುತ್ತದೆಯೇ? ಎಂಜಿನ್ ಕೋಣೆಯ ಸೆಕೆಯಲ್ಲಿ ಗಾಯ ಬೇಗ ಒಣಗುವುದಿಲ್ಲ, ಕೆಲಸ ಮುಗಿದ ಮೇಲಾದರೂ ಬ್ಯಾಂಡೇಜು ಬಿಚ್ಚಿ ಗಾಳಿಗೆ ಬಿಡಿ. ಏಳು ತಿಂಗಳಿಗೆ ಹಡಗು ಇಳಿಯಬೇಕಾದವರು ಹನ್ನೊಂದನೆಯ ತಿಂಗಳಿಗೆ ಬಂದಿರಿ. "ದಡ ಕಣ್ಣಿಗೆ ಕಾಣ್ಸುತ್ತೆ ಕಣೇ, ಕಾಲಿಡೋಕೆ ಬಿಡಲ್ಲ" ಎಂದಿರಲ್ಲ, ಆಮೇಲೆ ಎರಡು ದಿನ ನನಗೆ ಊಟ ರುಚಿಸಲಿಲ್ಲ. ನಾನು ಚೆನ್ನಾಗಿದ್ದೇನೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮೂರು ಪಟ್ಟಾಗಿದೆ. ಹಾಸಿಗೆ ಬಟ್ಟೆಗಳನ್ನು ಈಗ ಎರಡೆರಡು ಸಲ ಕುದಿನೀರಿಗೆ ಹಾಕಬೇಕು, ಮೈತುಂಬ ಪ್ಲಾಸ್ಟಿಕ್ ತೊಟ್ಟುಕೊಂಡು. ಸಂಜೆಗೆ ನಾನೇ ಒಂದು ಒದ್ದೆ ಬಟ್ಟೆಯಂತೆ ಮನೆಗೆ ಬರುತ್ತೇನೆ. ಆದರೆ ಜ್ವರ ಗಿರ ಏನೂ ಇಲ್ಲ, ಹೆದರಬೇಡಿ.

ಫೋನಿನಲ್ಲಿ ನಿಮಗೆ ಸಿಗುವ ಮೂರು ನಿಮಿಷ ಸೊಂಟನೋವು, ಗಾಯ, ಊಟ ಇಷ್ಟಕ್ಕೇ ಮುಗಿದುಹೋಗುತ್ತದೆ. ಮಗಳ ವಿಷಯ ಮೂರು ನಿಮಿಷಕ್ಕೆ ಹಿಡಿಸುವಂಥದ್ದಲ್ಲ, ಅದಕ್ಕೇ ಈ ಕಾಗದ. ಹಡಗಿಗೆ ಸಾಮಾನು ಕಳಿಸುವ ಏಜೆಂಟರು ಇದನ್ನೂ ತಲುಪಿಸುತ್ತೇವೆ ಎಂದಿದ್ದಾರೆ. ನಿಮ್ಮ ಕುಳ್ಳಿ ಈಗ ಕುಳ್ಳಿಯಲ್ಲ, ನನಗಿಂತ ಒಂದು ಗೇಣು ಎತ್ತರ. ಮೇಲಿನ ಡಬ್ಬ ಇಳಿಸಿಕೊಡು ಎಂದು ನಾನೇ ಅವಳನ್ನು ಕರೆಯುತ್ತೇನೆ. ಹೆಸರು ಮಾತ್ರ ಕುಳ್ಳಿಯೆಂದೇ ಉಳಿದಿದೆ.

ಮಾರ್ಚಿನಲ್ಲಿ ಅವರ ಹಾಕಿ ತಂಡ ಸೆಮಿಫೈನಲ್ ಆಡಲು ಹೊರಟಿದ್ದು ನಿಮಗೆ ಗೊತ್ತು. ಬಸ್ಸು ಅರ್ಧ ದಾರಿಗೆ ಹೋದಾಗ ಫೋನ್ ಬಂತಂತೆ, ಸೋಂಕು ಹರಡುತ್ತಿದೆ, ಪಂದ್ಯ ಇಲ್ಲ, ವಾಪಸ್ ಬನ್ನಿ ಎಂದು. ಬೆಳಿಗ್ಗೆ ಹೋದವಳು ಪ್ಯಾಡು, ಹೆಲ್ಮೆಟ್ಟು ಹೊತ್ತುಕೊಂಡು ಮಧ್ಯಾಹ್ನಕ್ಕೇ ಬಾಗಿಲಲ್ಲಿ ನಿಂತಿದ್ದಳು. ಮರುದಿನ ಮೈದಾನಕ್ಕೆ ಬೀಗ ಬಿತ್ತು. ನಾನಾಗಿದ್ದರೆ ಹೊದ್ದು ಮಲಗಿಬಿಡುತ್ತಿದ್ದೆ. ಅವಳು ಮೂರನೆಯ ದಿನಕ್ಕೆ ನಮ್ಮ ಮಹಡಿ ಮೆಟ್ಟಿಲ ತಿರುವಿನ ಗೋಡೆಗೆ ಸುಣ್ಣದಲ್ಲಿ ಗೋಲು ಬರೆದು, ಪ್ಯಾಡು ಕಟ್ಟಿಕೊಂಡು ನಿಂತಳು. ಚೆಂಡು ಎಸೆಯುವ ಕೆಲಸ ನನ್ನದು. ಮೊದಲ ದಿನ ಕೆಳಗಿನ ಮನೆಯ ಟೈಪಿಸ್ಟ್ ಅಜ್ಜಿ ಧಡಧಡ ಮೇಲೆ ಬಂದು "ಏನಮ್ಮಾ, ಮನೆ ಕೆಡವ್ತಾ ಇದ್ದೀರಾ?" ಎಂದು ಕೂಗಾಡಿದರು. ಐದನೆಯ ದಿನ ಬಂದು "ನಿಂಗೆ ಎಸೆಯೋಕೇ ಬರಲ್ಲ, ಕೊಡಿಲ್ಲಿ" ಎಂದು ನನ್ನ ಕೈಯಿಂದ ಚೆಂಡು ಕಿತ್ತುಕೊಂಡರು. ಮೂವತ್ತು ವರ್ಷ ಟೈಪ್ ಮಾಡಿದ ಬೆರಳುಗಳು ರೀ, ಎಲ್ಲಿಗೆ ಬೇಕೋ ಅಲ್ಲಿಗೇ ಬೀಳುತ್ತದೆ ಚೆಂಡು. ನಾನು ಲಾಂಡ್ರಿಗೆ ಹೋದಾಗ ದಿನಾ ಇವರಿಬ್ಬರದೇ ಪಂದ್ಯ.

ಇನ್ನು ಮುಖ್ಯ ಸಂಗತಿ. ದೊಡ್ಡ ಕಾಲೇಜಿನ ಕೋಚ್ ನಮ್ಮವಳಿಗೆ ಗೋಲ್‌ಕೀಪರ್ ಜಾಗ ಕೊಡುತ್ತೇನೆಂದು ಡಿಸೆಂಬರಿನಲ್ಲೇ ಬರೆದು ಕೊಟ್ಟಿದ್ದರಲ್ಲ, ಮೇ ಕೊನೆಗೆ ಅವರಿಂದ ಇನ್ನೊಂದು ಪತ್ರ ಬಂತು. ಈ ವರ್ಷದ ಪಂದ್ಯಗಳೆಲ್ಲ ರದ್ದಾದ್ದರಿಂದ ಕೊನೆಯ ವರ್ಷದ ಆಟಗಾರ್ತಿಯರು ಇನ್ನೊಂದು ವರ್ಷ ಆಡಬಹುದು ಎಂದು ನಿಯಮ ಬದಲಾಯಿತಂತೆ. ತಂಡದಲ್ಲಿ ಗೋಲ್‌ಕೀಪರಿಗೆ ಎರಡೇ ಜಾಗ, ಒಂದು ಆಗಲೇ ತುಂಬಿದೆ. ಇನ್ನೊಂದರಲ್ಲಿ ಈಗಿರುವ ಹುಡುಗಿ ಉಳಿದರೆ ನಮ್ಮವಳಿಗಿಲ್ಲ, ನಮ್ಮವಳು ಹೋದರೆ ಅವಳಿಗಿಲ್ಲ. "ಮಾತು ಕೊಟ್ಟಿದ್ದೇನೆ, ನೀನು ಕೇಳಿದರೆ ಜಾಗ ನಿನ್ನದೇ. ಹತ್ತನೆಯ ತಾರೀಖಿನೊಳಗೆ ತಿಳಿಸು" ಎಂದು ಬರೆದಿದ್ದರು. ಹದಿನೇಳು ವರ್ಷದ ಹುಡುಗಿಯ ತಲೆ ಮೇಲೆ ಇಡುವ ಭಾರವೇ ಇದು?

ಅವಳಿಗೆ ಆಟ ಕಲಿಸಿದ ಡ್ರಿಲ್ ಮೇಷ್ಟ್ರು ಮಾಸ್ಕ್ ಹಾಕಿಕೊಂಡು ಮೆಟ್ಟಿಲ ಕೆಳಗೇ ನಿಂತು ಕೂಗಿ ಹೇಳಿದರು: "ಆಟದಲ್ಲಿ ದಾಕ್ಷಿಣ್ಯ ಅನ್ನೋದು ಇಲ್ಲಮ್ಮ. ಬರ್ದು ಕೊಟ್ಟಿದ್ದಾರೆ, ಹೋಗಿ ಕೂತ್ಕೋ." ಅವರಿಗೆ ಅದು ಬಿಟ್ಟು ಬೇರೆ ಯೋಚನೆಯೇ ಇಲ್ಲ. ನನಗೆ ವಿದ್ಯುತ್ ಕಂಪನಿಯ ತಂಡದ ಮೇಲೆ ಕಣ್ಣು. ಗುಮಾಸ್ತೆಯ ಕೆಲಸ, ಸಂಜೆ ಆಟ, ಕಾಯಂ ನೌಕರಿ. ಓದು ನಿಲ್ಲುತ್ತದೆ, ನಿಜ. ಆದರೆ ದಿನಾ ಆಸ್ಪತ್ರೆಯ ಬಟ್ಟೆ ತೊಳೆಯುವವಳಿಗೆ ನಾಳೆ ಅನ್ನುವುದರ ಮೇಲೆ ಎಷ್ಟು ನಂಬಿಕೆ ಇರುತ್ತದೆ ಹೇಳಿ? ಇನ್ನೊಂದು, ಬಸ್ಸಿನಲ್ಲಿ ಎರಡು ಗಂಟೆ ದೂರದ ಸಣ್ಣ ಕಾಲೇಜು. ಹೋದ ವರ್ಷ ಒಂದು ಪಂದ್ಯವನ್ನೂ ಗೆಲ್ಲದ ತಂಡ. ಕೆಮಿಸ್ಟ್ರಿ ಪಾಠ ಮಾಡುವ ಮೇಡಮ್ಮೇ ಅಲ್ಲಿ ಕೋಚ್. ನಮ್ಮಲ್ಲಿಗೆ ಬಾ ಎಂದು ಅವರು ಬರೆದ ಕಾಗದವನ್ನು ನಾವ್ಯಾರೂ ಸರಿಯಾಗಿ ಓದಲೂ ಇಲ್ಲ. ಒಂದು ವರ್ಷ ಸುಮ್ಮನೆ ಮನೆಯಲ್ಲಿದ್ದು ಕಾಯುವ ದಾರಿಯೂ ಇತ್ತು. ಕುಳ್ಳಿ ಎಲ್ಲರ ಮಾತಿಗೂ "ಹೂಂ" ಎಂದಳು. ನಿಮ್ಮದೇ "ಹೂಂ" ಅದು, ಒಪ್ಪಿದರೋ ಇಲ್ಲವೋ ಬ್ರಹ್ಮನಿಗೂ ತಿಳಿಯದು.

ಈಗ ಲಾಂಡ್ರಿಯ ಹಿಂದಿನ ಅಂಗಳದ ಮಾತು. ಅಲ್ಲಿ ಆಮ್ಲಜನಕದ ಸಿಲಿಂಡರುಗಳನ್ನು ಇಳಿಸುತ್ತಾರೆ. ಏಪ್ರಿಲ್‌ನಿಂದ ಅಲ್ಲಿಗೆ ಒಬ್ಬ ಎತ್ತರದ ಹುಡುಗಿ ಸ್ವಯಂಸೇವಕಿಯಾಗಿ ಬರುತ್ತಿದ್ದಳು. ಸಿಲಿಂಡರನ್ನು ಸ್ವಲ್ಪ ಓರೆ ಮಾಡಿ, ತಳದ ಅಂಚಿನ ಮೇಲೆ ಬುಗುರಿಯಂತೆ ತಿರುಗಿಸುತ್ತಾ, ಒಂದೊಂದು ಕೈಗೆ ಒಂದೊಂದರಂತೆ ಎರಡನ್ನು ಒಟ್ಟಿಗೇ ಸಾಗಿಸುತ್ತಾಳೆ. ಗಂಡಸರೇ ಬಾಯಿಬಿಟ್ಟುಕೊಂಡು ನೋಡುತ್ತಾರೆ. ಟೀ ಹೊತ್ತಿನಲ್ಲಿ ಅವಳನ್ನು ನೋಡುವುದೇ ನಮ್ಮ ಲಾಂಡ್ರಿ ಹೆಂಗಸರಿಗೆ ಒಂದು ಸಂತೋಷ. ಜೂನ್ ಆರಕ್ಕೆ ಟೀ ಲೋಟ ಹಿಡಿದು ಹೊರಗೆ ಬರುತ್ತೇನೆ, ಹಿಂದಿನ ಗೇಟಿನ ಆಚೆ ನಮ್ಮ ಕುಳ್ಳಿ ನಿಂತಿದ್ದಾಳೆ, ಈಚೆ ಆ ಸಿಲಿಂಡರ್ ಹುಡುಗಿ! ಆಮೇಲೆ ತಿಳಿಯಿತು, ದೊಡ್ಡ ಕಾಲೇಜಿನ ಗೋಲ್‌ಕೀಪರ್ ಅವಳೇ. ಎಲ್ಲರೂ ಗೋಡೆ ಅಕ್ಕ ಎನ್ನುತ್ತಾರಂತೆ. ನನ್ನ ಮಗಳ ಜಾಗಕ್ಕೆ ಅಡ್ಡ ಬಂದವಳು ಯಾರೋ ಎಂದು ಹತ್ತು ದಿನದಿಂದ ಮನಸ್ಸಿನಲ್ಲೇ ಬೈಯುತ್ತಿದ್ದೆನಲ್ಲ, ಆ ಮಹಾತಾಯಿಯನ್ನೇ ಎರಡು ತಿಂಗಳಿಂದ ಕಣ್ತುಂಬ ನೋಡಿ ಮೆಚ್ಚಿಕೊಂಡಿದ್ದೆ!

ಒಗೆದ ಬಟ್ಟೆಯ ಗಾಡಿಯ ಹಿಂದೆ ನಿಂತು ಕೇಳಿಸಿಕೊಂಡೆ. ತಪ್ಪೇ, ಆದರೆ ಕಾಲು ಅಲ್ಲಿಂದ ಕೀಳಲಿಲ್ಲ. ಕುಳ್ಳಿ ಸುತ್ತು ಬಳಸದೆ ಕೇಳಿದಳು: "ಅಕ್ಕಾ, ಇನ್ನೊಂದು ವರ್ಷ ಆಡೋ ಆಸೆ ಇದೆಯಾ?" ಅವಳು ಕೈಗವಸು ತೆಗೆದು, "ಇದೆ. ಸುಳ್ಳು ಯಾಕೆ ಹೇಳ್ಲಿ? ಮೂರು ವರ್ಷ ಬೆಂಚಲ್ಲಿ ಕೂತಿದ್ದೆ. ನಾಲ್ಕನೇ ವರ್ಷ ಗೋಲಿಗೆ ನಿಲ್ಸಿದ್ರು, ನಾಲ್ಕು ಪಂದ್ಯ ಆಗೋಷ್ಟರಲ್ಲಿ ಎಲ್ಲಾ ನಿಂತೋಯ್ತು. ಆದ್ರೆ ನಿನ್ನ ಜಾಗ ಕಿತ್ಕೊಂಡು ಆಡೋ ಆಸೆ ಇಲ್ಲ. ಬೇಡ ಅಂತ ಬರ್ದು ಕೊಡ್ತಾ ಇದ್ದೀನಿ, ನೀನು ಬಾ" ಎಂದಳು. ನಮ್ಮವಳು "ಸೋಮವಾರದವರೆಗೆ ಬರೀಬೇಡಿ" ಎಂದಷ್ಟೇ ಹೇಳಿ ಸೈಕಲ್ ಹತ್ತಿದಳು.

ಮರುದಿನ, ಹೋದ ಭಾನುವಾರ ಬೆಳಿಗ್ಗೆ, ಆ ಸಣ್ಣ ಕಾಲೇಜಿನ ಕಾಗದವನ್ನು ಹುಡುಕಿ ತೆಗೆದು ನನ್ನ ಮುಂದಿಟ್ಟಳು. ನಾನು ರೇಗಿದೆ. ಬೇರೆಯವರಿಗಾಗಿ ನಿನ್ನ ಬದುಕು ಹಾಳು ಮಾಡಿಕೊಳ್ಳುತ್ತೀಯಾ, ಸೋತು ಸುಣ್ಣವಾದ ತಂಡದಲ್ಲಿ ಏನಿದೆ ಎಂದೆ. ಅವಳು ಕೊಟ್ಟ ಉತ್ತರವನ್ನು ಹಾಗೇ ಬರೆಯುತ್ತೇನೆ. "ಅಮ್ಮಾ, ದೊಡ್ಡ ಕಾಲೇಜಿಗೆ ಹೋದ್ರೂ ನಂಗೆ ಎರಡು ಮೂರು ವರ್ಷ ಬೆಂಚೇ. ಆ ತಂಡ ಎಷ್ಟು ಚೆನ್ನಾಗಿ ಆಡುತ್ತೆ ಅಂದ್ರೆ ಗೋಲ್ ಹತ್ರ ಚೆಂಡೇ ಬರಲ್ಲ. ಸೋಲೋ ತಂಡದಲ್ಲಿ ಗೋಲ್‌ಕೀಪರ್‌ಗೆ ಪುರುಸೊತ್ತೇ ಇರಲ್ಲ. ಪಂದ್ಯಕ್ಕೆ ಹತ್ತು ಗೋಲು ಬಿಟ್ರೂ ಮೂವತ್ತು ತಡೀತೀನಲ್ಲ? ವರ್ಷಕ್ಕೆ ಎಷ್ಟಾಯ್ತು ನೋಡು. ಅಷ್ಟು ಚೆಂಡು ನಂಗೆ ಇನ್ನೆಲ್ಲೂ ಸಿಗಲ್ಲ. ಗೋಡೆ ಅಕ್ಕನಿಗೂ ಒಂದು ವರ್ಷ ಸಿಗುತ್ತೆ, ಓದೂ ನಿಲ್ಲಲ್ಲ."

ನಾವು ಮೂರ್ನಾಲ್ಕು ಜನ ದೊಡ್ಡವರು ಹತ್ತು ದಿನ ತಲೆ ಕೆಡಿಸಿಕೊಂಡರೂ ಯಾರಿಗೂ ಹೊಳೆಯದ್ದು ಅದು. ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದೆ. ಅವರು "ಎಲ್ಲಾ ನಾನೇ ಕಲಿಸಿದೆ ಅಂದ್ಕೊಂಡಿದ್ದೆ ಕಣಮ್ಮಾ, ಇದನ್ನ ನಾನು ಕಲಿಸಿದ್ದಲ್ಲ" ಎಂದರು. ಸೋಮವಾರ ಕುಳ್ಳಿ ದೊಡ್ಡ ಕಾಲೇಜಿಗೆ ಬೇಡವೆಂದೂ ಸಣ್ಣ ಕಾಲೇಜಿಗೆ ಬರುತ್ತೇನೆಂದೂ ಬರೆದುಬಿಟ್ಟಳು.

ಬುಧವಾರ ಸಣ್ಣ ಕಾಲೇಜಿನ ಮೈದಾನ ಐದೈದು ಜನಕ್ಕೆಂದು ತೆರೆದರು. ರಜೆ ಹಾಕಿ ನಾನೂ ಹೋಗಿದ್ದೆ. ಮೈದಾನವೆಂದರೆ ಜಲ್ಲಿ ಕಲ್ಲು, ಬಲೆಯಲ್ಲಿ ಮೂರು ತೂತು. ಬೇಲಿಯ ಹೊರಗೆ ನಿಂತಿದ್ದೆ. ಕೆಮಿಸ್ಟ್ರಿ ಮೇಡಂ ನಾಲ್ಕು ಜನ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಾಗಿ ಹೊಡೆಸಿದರು. ಒಂದು ಚೆಂಡು ಅವಳ ಹೆಲ್ಮೆಟ್ಟಿಗೇ ಬಡಿದು ಠಣ್ ಎಂದಾಗ ನಾನು ಬೇಲಿ ದಾಟಲು ಕಾಲೆತ್ತಿದ್ದೆ. ಅವಳು ಬಗ್ಗಿ ಕೋಲನ್ನು ನೆಲಕ್ಕೆ ಎರಡು ಸಲ ಕುಟ್ಟಿ "ಹೂಂ, ಇನ್ನೊಂದು" ಎಂದಳು. ಗೋಲಾದದ್ದೂ ಉಂಟು, ಆರೋ ಏಳೋ. ಕೊನೆಗೆ ಮೇಡಂ ಬೇಲಿ ಹತ್ತಿರ ಬಂದು, "ಇವಳು ಎಲ್ಲಿಂದ ಸಿಕ್ಕಿದಳು ನಮಗೆ?" ಎಂದು ಕೇಳಿದರು. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು, ಅಳು ಮುಚ್ಚಿಕೊಂಡಿತು. ಹೆತ್ತವಳು ನಾನು, ಆದರೆ ಇಷ್ಟು ದೊಡ್ಡವಳು ಯಾವಾಗ ಆದಳು ಎಂದು ನನಗೂ ಗೊತ್ತಾಗಲಿಲ್ಲ ರೀ. ನೀವು ನೋಡಬೇಕಿತ್ತು.

ನೀರು ಚೆನ್ನಾಗಿ ಕುಡಿಯಿರಿ, ಸಿಟ್ಟು ಕಡಿಮೆ ಮಾಡಿಕೊಳ್ಳಿ, ನಿಮ್ಮ ಜೊತೆ ಸಿಕ್ಕಿಹಾಕಿಕೊಂಡಿರುವ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸಿ. ಟೈಪಿಸ್ಟ್ ಅಜ್ಜಿ ನಿಮಗೆ ಆಶೀರ್ವಾದ ಹೇಳಿದ್ದಾರೆ. ಮಗಳು ಮೆಟ್ಟಿಲಲ್ಲಿದ್ದಾಳೆ, ಗೋಡೆ ಅದುರುತ್ತಿದೆ, ಅದನ್ನೇ ಅವಳ ನಮಸ್ಕಾರ ಎಂದುಕೊಳ್ಳಿ.

ದಾರಿ ನೋಡುತ್ತಿರುವ
ನಿಮ್ಮವಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಏಜೆಂಟರ ಹುಡುಗ ಕಾಗದ ಒಯ್ಯಲು ಕೆಳಗೆ ಬಂದು ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಜೂನ್ ಎರಡಕ್ಕೆ, ಅವಳನ್ನು ಒಂದು ಮಾತೂ ಕೇಳದೆ, ವಿದ್ಯುತ್ ಕಂಪನಿಯ ಅರ್ಜಿಯನ್ನು ನಾನೇ ತುಂಬಿ ಕಳಿಸಿಬಿಟ್ಟಿದ್ದೆ. ತಂದೆಯ ಸಹಿ ಬೇಕಿತ್ತು, ಅದನ್ನೂ ನಾನೇ ಹಾಕಿದೆ. ನಿನ್ನೆ ಕಂಪನಿಯಿಂದ ಫೋನ್ ಬಂತು, ಅರ್ಜಿ ಒಪ್ಪಿದ್ದಾರಂತೆ. ಫೋನ್ ಎತ್ತಿದ್ದು ಅವಳೇ. ಕಂಪನಿಯವರು ಫೋನಿಗೇ ಕಳಿಸಿದ ಅರ್ಜಿಯ ನಕಲನ್ನು ನೋಡಿ "ಅಪ್ಪನ ಸಹಿ ಇಷ್ಟು ಚೆನ್ನಾಗಿರಲ್ಲ ಅಮ್ಮಾ" ಎಂದಳು, ಅಷ್ಟೇ. ಬೈಯಲಿಲ್ಲ. ರಾತ್ರಿ ನನ್ನ ತಟ್ಟೆಯನ್ನೂ ಅವಳೇ ತೊಳೆದಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ಅರ್ಜಿ ವಾಪಸ್ ಪಡೆಯಲು ತಂದೆಯೇ ಬರೆದುಕೊಡಬೇಕಂತೆ. ಒಳಗೆ ಒಂದು ಹಾಳೆ ಇಟ್ಟಿದ್ದೇನೆ. ನಾನು ಮಾಡಿದ್ದನ್ನು ಇದ್ದ ಹಾಗೇ ಅದರಲ್ಲಿ ಬರೆದಿದ್ದೇನೆ. ಓದಿ, ಕೆಳಗೆ ನಿಮ್ಮ ಆ ಸೊಟ್ಟ ಸಹಿಯನ್ನು ಹಾಕಿ, ಜುಲೈ ಮುಗಿಯುವುದರೊಳಗೆ ತಲುಪುವಂತೆ ಕಳಿಸಿ. ಬೈಯುವುದಿದ್ದರೆ ಕಾಗದದಲ್ಲಿ ಬೇಡ, ಬಂದು ಎದುರಿಗೇ ಬೈಯಿರಿ.