ಒಂದು ಹುಸಿ ತೋಟಾ

ವಯೋಮಿಂಗ್, ಶನಿವಾರ

ವೆಂಡೆಲ್ ಅಣ್ಣಾ,

ಗೆದ್ದೆ ಕಣೋ! ಮೊದಲು ಮಾನ ಹೋಯಿತು, ಆಮೇಲೆ ಗೆದ್ದೆ. ಈ ಹೊಸ ಊರಲ್ಲಿ ಕಳ್ಳ ನುಗ್ಗಿದರೆ ಪೊಲೀಸು ಶೆರಿಫ್ ನನ್ನ ಬಾಗಿಲಿಗೆ ಬರಲು ನಲವತ್ತು ನಿಮಿಷ ಬೇಕು. ಅದಕ್ಕೇ "ನಲವತ್ತೈದು ಕ್ಯಾಲಿಬರ್‌ನ ದಪ್ಪ ತೋಟಾಕ್ಕಿಂತ ಚಿಕ್ಕದೆಲ್ಲ ಆಟಿಕೆ" ಎಂದು ನೀನು ಕೊಟ್ಟು ಕಳಿಸಿದ ಪಿಸ್ತೂಲನ್ನೇ ಗುಂಡು ಹೊಡೆಯುವ ಮೈದಾನಕ್ಕೆ ಒಯ್ದೆ. ಕಲಿಸುವವಳು ಆರ್ಡಿತ್, ಎಪ್ಪತ್ತು ದಾಟಿದ ಮುದುಕಿ. ನನ್ನ ಗುಂಡುಗಳೆಲ್ಲ ಗುರಿಯ ಕೆಳಗೆ ಮಣ್ಣಿಗೆ ಬಿದ್ದವು. "ಪಿಸ್ತೂಲೇ ಸರಿಯಿಲ್ಲ" ಎಂದೆ. ಅವಳು ನನಗೆ ಕಾಣದಂತೆ ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಒಂದು ಹುಸಿ ತೋಟಾ ಸೇರಿಸಿ ಕೊಟ್ಟಳು. ಮೂರನೆಯ ಸಲ ಟ್ರಿಗರ್ ಒತ್ತಿದಾಗ ಸದ್ದಿಲ್ಲ, ಹೊಗೆಯಿಲ್ಲ. ಆದರೂ ನನ್ನ ಕೈ ಕೋಳಿ ಕಾಳು ಕುಕ್ಕಿದಂತೆ ಕೆಳಕ್ಕೆ ಬಾಗಿತು, ಕಣ್ಣು ಮುಚ್ಚಿತ್ತು!

"ನೋಡಿದ್ಯೇನಮ್ಮಾ? ಸದ್ದಾಗೋ ಮುಂಚೇನೇ ಹೆದರ್ಕೋತೀಯ. ಕಳ್ಳನಿಗೆ ತಾಗದ ಗುಂಡು ಎಷ್ಟು ದಪ್ಪ ಇದ್ರೇನು?" ಎಂದು ಸಣ್ಣ ತೋಟಾದ ತನ್ನ ಒಂಬತ್ತು ಎಂಎಂ ಪಿಸ್ತೂಲನ್ನು ಕೈಗಿಟ್ಟಳು. ಹತ್ತರಲ್ಲಿ ಒಂಬತ್ತು ಗುಂಡು ಅಂಗೈಯಗಲದಲ್ಲಿ ಬಿದ್ದವು! ಅಂಥದ್ದೇ ಒಂದನ್ನು ಕೊಂಡೆ. ಅದರ ತೋಟಾ ಅಗ್ಗ, ವಾರವಾರವೂ ಅಭ್ಯಾಸ ಮಾಡಬಹುದು. ನಿನ್ನ ಪಿಸ್ತೂಲಿನ ದಯೆಯಿಂದ ಮಣಿಕಟ್ಟು ಊದಿದೆ, ಐಸ್ ಇಟ್ಟಿದ್ದೇನೆ, ಗಾಬರಿ ಬೇಡ.

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬಾ. ನಿನ್ನ ನಲವತ್ತೈದನ್ನು ಆರ್ಡಿತ್ ಎದುರಿಗೆ ನೀನೇ ಹೊಡೆದು ತೋರಿಸು. ತೋಟಾ ಮಾತ್ರ ನಾನು ತುಂಬಿ ಕೊಡುತ್ತೇನೆ.

ನಿನ್ನ ತಂಗಿ,
ಮಾರ್ಲಾ