ಕರಡಿಯ ಬಲಗೈ

ಟೊರೊಂಟೊ
15 ಮಾರ್ಚ್ 1979

ಪ್ರೀತಿಯ ಒಲೆಂಕಾ,

ಊರಿಗೆಲ್ಲ ನೀನು ಗಾಯಕಿ ಲೀನಾ ಕೋಲ್ ಆಗಿರಬಹುದು. ಹೆಸರಿಟ್ಟವಳು ನಾನು, ಹೀಗೇ ಕರೆಯುತ್ತೇನೆ. ಮನೆ ಬಿಟ್ಟು ಹೋದ ಮೇಲೆ ಹನ್ನೊಂದು ವರ್ಷದಿಂದ ನನ್ನ ಒಂದು ಕಾಗದಕ್ಕೂ ನೀನು ಉತ್ತರ ಬರೆದಿಲ್ಲ. ಇದಕ್ಕಾದರೂ ಬರೆಯಬೇಕು. ಮಂಗಳವಾರ ಸ್ಟುಡಿಯೋದಲ್ಲಿ ಅಷ್ಟು ಜನರ ಮುಂದೆ ನನ್ನನ್ನು ಹೊರಗೆ ಹಾಕಿಸಿದೆಯಲ್ಲ, ಅದರ ಬಗ್ಗೆ ಎರಡು ಮಾತು ಆಡದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ನಾನು ಅಲ್ಲಿರುವುದು ನಿನಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಗೊತ್ತಿದ್ದರೆ ನೀನು ಆ ಬೊಂಬೆಗಳ ಕಾರ್ಯಕ್ರಮಕ್ಕೆ ಅತಿಥಿಯಾಗಿ ಬರುತ್ತಲೇ ಇರಲಿಲ್ಲ. ಆರು ವರ್ಷದಿಂದ ನಾನು ಅಲ್ಲಿನ ಡಫರಿನ್ ಅನ್ನುವ ಕರಡಿ ಬೊಂಬೆಯ ಬಲಗೈ. ಅದರ ತಲೆ, ಬಾಯಿ, ಎಡಗೈ, ಮಾತು ಎಲ್ಲವೂ ನನ್ನ ಜೊತೆಗಾರ ಕ್ಲೆಮ್‌ನದು. ಬಲಗೈ ಮಾತ್ರ ನನ್ನದು. ಅತಿಥಿಗಳು ಮೇಲೆ ಹಲಗೆಯ ವೇದಿಕೆಯಲ್ಲಿ ನಿಲ್ಲುತ್ತಾರೆ. ನಾವಿಬ್ಬರೂ ಕೆಳಗಿನ ತಗ್ಗಿನಲ್ಲಿ ಮೈಗೆ ಮೈ ಒತ್ತಿಕೊಂಡು, ತೋಳು ಮೇಲೆತ್ತಿ, ಕಾಲ ಬಳಿಯ ಟಿವಿಯಲ್ಲಿ ಕರಡಿಯನ್ನು ನೋಡುತ್ತಾ ಆಡಿಸುತ್ತೇವೆ. ಎಂಥ ದೊಡ್ಡ ಮನುಷ್ಯನಾದರೂ ಹತ್ತು ನಿಮಿಷದಲ್ಲಿ ನಮ್ಮನ್ನು ಮರೆತು ಕರಡಿಯ ಜೊತೆ ಸುಖದುಃಖ ಹೇಳಿಕೊಳ್ಳುತ್ತಾನೆ. ನೀನೂ ಮರೆತೆ.

ದೀಪದವರು ಏನೋ ಸರಿಮಾಡುತ್ತಿದ್ದರು. ಸುಮ್ಮನಿರಲಾರದ ಕ್ಲೆಮ್ ಕರಡಿಯ ದನಿಯಲ್ಲಿ ಕೇಳಿದ: "ಏನಮ್ಮಾ, ಇಷ್ಟ್ ಚೆನ್ನಾಗಿ ಹಾಡೋದು ಯಾರ್ ಕಲ್ಸಿದ್ರು ನಿಂಗೆ?"

ನೀನು ಅದರ ಮೂಗು ಸವರಿ ಹೇಳಿದೆ: "ಯಾರೂ ಇಲ್ಲ ಕಣೋ ಡಫಿ. ನಾನೇ ಕಲ್ತಿದ್ದು."

"ಮನೇಲಿ ಅಮ್ಮ ಹಾಡ್ತಿರ್ಲಿಲ್ವಾ?"

"ಅಮ್ಮ ಸತ್ತೋದ್ಲು. ನಾನಿನ್ನೂ ಚಿಕ್ಕೋಳಿದ್ದಾಗ್ಲೇ."

ಸತ್ತವಳ ಕೈ ಆಗ ನಿನ್ನ ಹೆಗಲ ಮೇಲಿತ್ತು, ಮಗಳೇ. ಅದೇ ಕೈಯಿಂದ ನಿನ್ನ ಬೆನ್ನು ತಟ್ಟಿದೆ, ಏಕೆಂದರೆ ಕರಡಿಗೆ ಅಯ್ಯೋ ಅನ್ನಿಸಬೇಕಿತ್ತು. ಕೆಲಸ ಅಂದರೆ ಕೆಲಸ.

ನೀನೇ ಕಲಿತೆಯಾ? ಮನಿಟೋಬಾದ ಯಾವ ಚರ್ಚಿನ ಸಭಾಂಗಣದಲ್ಲಿ ನಾವು ಹಾಡಿಲ್ಲ, ಹೇಳು. ನೀನು ಆರು ವರ್ಷದವಳು, ಕಸೂತಿಯ ಅಂಗಿ, ತಲೆಗೆ ಕೆಂಪು ರಿಬ್ಬನ್ನು, ನಿನ್ನ ಕೈ ನನ್ನ ಕೈಯೊಳಗೆ. ಶ್ರುತಿ ತಪ್ಪಿದಾಗಲೆಲ್ಲ ಹೆಬ್ಬೆರಳಿನ ಉಗುರನ್ನು ನಿನ್ನ ಅಂಗೈಗೆ ಒತ್ತುತ್ತಿದ್ದೆ. ಜನರಿಗೆ ಅದು ಕಾಣುತ್ತಿರಲಿಲ್ಲ. ತಾಯಿ ಮಗಳು ಕೈ ಹಿಡಿದು ಹಾಡುವುದು ಎಷ್ಟು ಚೆಂದ ಅನ್ನುತ್ತಿದ್ದರು. ಒಮ್ಮೊಮ್ಮೆ ರಕ್ತ ಬರುತ್ತಿತ್ತು, ನಿಜ. ಮನೆಗೆ ಬಂದು ಮುಲಾಮು ಹಚ್ಚುತ್ತಿದ್ದವಳೂ ನಾನೇ ಅಲ್ಲವೇ? ಇವತ್ತಿಗೂ ನಿನ್ನ ಶ್ರುತಿ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಅದನ್ನು ನಿನಗೆ ಕರಡಿ ಕೊಟ್ಟಿತೇ?

ಆಮೇಲೆ ನೀನು ಕರಡಿಯ ಬಲಗೈ ಹಿಡಿದು ಆ ನದಿಯ ಹಾಡನ್ನು ಶುರುಮಾಡಿದೆ. ಎರಡನೇ ಚರಣದಲ್ಲಿ ನನ್ನ ಉಗುರು ನಿನ್ನ ಅಂಗೈಗೆ ತಾಗಿತು. ತಾಗಿತು, ಅಷ್ಟೇ. ಆರು ವರ್ಷ ಎತ್ತಿ ಹಿಡಿದೂ ಹಿಡಿದೂ ನನ್ನ ತೋಳು ಹಾಳಾಗಿದೆ. ಬೆರಳು ತಾನಾಗಿಯೇ ಸೆಟೆದುಕೊಳ್ಳುತ್ತದೆ. ಕರಡಿಯ ಕೈಗವಸೂ ಹಳೆಯದು, ಹೆಬ್ಬೆರಳ ತುದಿ ಸವೆದಿತ್ತು. ಬೊಂಬೆಗಳ ಬಟ್ಟೆ ಹೊಲಿಯುವ ಈಡಿತ್ ಆಮೇಲೆ ಅದನ್ನು ಬೆಳಕಿಗೆ ಹಿಡಿದು, "ಇದು ಸವ್ದಿರೋದಲ್ಲ ಪರಾಸ್ಕ" ಅಂದಳು. ಅವಳಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ.

ನೀನು, ಮೂವತ್ತೆರಡು ವರ್ಷದ ಹೆಂಗಸು, ಬಾಯಿ ತೆರೆದು ನಿಂತುಬಿಟ್ಟೆ. ವಾದ್ಯದವರು ನಿಲ್ಲಿಸಿದರು. ನೀನು ಕರಡಿಯ ತೋಳನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ತಗ್ಗಿನೊಳಗೆ ನೋಡಿದೆ.

ಆ ಒಂದು ಗಳಿಗೆಗಾಗಿ ನಾನು ಹನ್ನೊಂದು ವರ್ಷ ಕಾದಿದ್ದೆ. ಅಮ್ಮಾ ಅನ್ನುತ್ತೀಯ ಅಂದುಕೊಂಡೆ. ಬೈದಿದ್ದರೂ ಸಾಕಿತ್ತು, ಉಗಿದಿದ್ದರೂ ಸಾಕಿತ್ತು.

ನೀನು ನೆಟ್ಟಗಾದೆ. ಲಂಗ ಸರಿಮಾಡಿಕೊಂಡು ನಿರ್ದೇಶಕರ ಕಡೆ ತಿರುಗಿ ನಕ್ಕೆ. "ಈ ಬಲಗೈ ಯಾಕೋ ಸರಿ ಹೋಗ್ತಿಲ್ಲ ಸರ್. ವಯಸ್ಸಾಗಿದೆ ಪಾಪ. ಬೇರೆ ಯಾರನ್ನಾದ್ರೂ ಹಾಕ್ತೀರಾ?"

ಕ್ಲೆಮ್ ಕೂಡ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನನ್ನ ಬೆವರು ಆರದ ಕೈಗವಸಿನೊಳಗೆ ಬೇರೊಬ್ಬಳು ಕೈ ತೂರಿಸಿದಳು. ನಾನು ಗೋಡೆಗೆ ಒರಗಿ ನಿಂತು ಕೇಳಿದೆ. ಎಷ್ಟು ಚೆನ್ನಾಗಿ ಹಾಡಿದೆಯೆಂದರೆ ದೀಪದವರೂ ಕಣ್ಣು ಒರೆಸಿಕೊಂಡರು. ಎರಡನೇ ಚರಣದಲ್ಲಿ ಮಾತ್ರ ಒಂದು ಸ್ವರವನ್ನು ತುಸು ಇಳಿಸಿದೆ. ನನ್ನನ್ನೇ ನೋಡುತ್ತಾ, ಬೇಕೆಂದೇ ಇಳಿಸಿದೆ. ಯಾರೂ ಒತ್ತಲಿಲ್ಲ. ನನ್ನ ಹೆಬ್ಬೆರಳು ಖಾಲಿ ಗಾಳಿಯಲ್ಲಿ ತಾನೇ ಮಡಿಚಿಕೊಂಡಿತು.

ಮರುದಿನದಿಂದ ಬರಬೇಡವೆಂದಿದ್ದಾರೆ. ನೀನು ಅವರಿಗೆ ಒಂದು ಸಾಲು ಬರೆದರೆ ಸಾಕು, ಇವಳು ನನ್ನ ತಾಯಿ, ಬೆರಳು ಜಾರಿದ್ದು ಅಷ್ಟೇ ಎಂದು. ನನಗೆ ಆ ಕೆಲಸ ಬೇಕು. ನಿನ್ನ ಕೈಬರಹದಲ್ಲಿ ತಾಯಿ ಅನ್ನುವ ಮಾತು ಅದಕ್ಕಿಂತ ಹೆಚ್ಚಾಗಿ ಬೇಕು.

ಇನ್ನೂ ಸಾಯದಿರುವ
ನಿನ್ನ ಅಮ್ಮ,
ಪರಾಸ್ಕ

ಮತ್ತೆ: ಈಡಿತ್ ನಿನಗೆ ಫೋನ್ ಮಾಡುತ್ತಾಳಂತೆ. ಅವಳ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ಕೈಗವಸಿನ ತುದಿಯನ್ನು ಸೋಮವಾರವೇ ಕತ್ತರಿಸಿದ್ದೆ. ನೀನು ಬರುತ್ತೀಯೆಂದು ತಿಳಿದ ದಿನದಿಂದ ಆ ಉಗುರನ್ನು ಬೆಳೆಸುತ್ತಿದ್ದೆ. ನಿನ್ನ ಅಂಗೈಯ ಹಳೆಯ ಗುಳಿ ಹಾಗೇ ಇದೆ, ಹುಡುಕಬೇಕಾಗಲಿಲ್ಲ.